ಇದೊಂದು ಸೀಸನ್ ಮುಗಿಯಲಿ: ಜೂಜು ಬಿಟ್ಟು ವ್ಯಾಪಾರಕ್ಕೆ ಕೂರುವವರ ಕಷ್ಟ

ಪುಣೆಯಲ್ಲಿ ಮಳೆ ಹಿಡಿಯಿತೆಂದರೆ ಕ್ಯಾಂಪಿನ ರೇಸ್‌ಕೋರ್ಸಿಗೆ ಜೀವ ಬರುತ್ತದೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಮಳೆಗಾಲಕ್ಕೆ ಓಟ ನಿಲ್ಲುತ್ತದೆ, ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬಿನ ಕುದುರೆಗಳು ಘಟ್ಟ ಹತ್ತಿ ಇಲ್ಲಿಗೆ ಬರುತ್ತವೆ. ಜುಲೈ ಆಸುಪಾಸಿನಿಂದ ಅಕ್ಟೋಬರ್‌ವರೆಗೆ ಪುಣೆ ಸೀಸನ್. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರ ಮನೆಗಳಲ್ಲಿ ಆ ತಿಂಗಳುಗಳಲ್ಲಿ ಒಂದೇ ಮಾತು: "ಇದೊಂದು ಸೀಸನ್ ಮುಗೀಲಿ, ಆಮ್ಯಾಲೆ ಬಿಟ್ಟು ಅಂಗಡಿ ನೋಡ್ಕೋತೀನಿ." ಕುದುರೆಯ ಜಾಗದಲ್ಲಿ ಐಪಿಎಲ್ ಇರಬಹುದು, ಮೊಬೈಲಿನ ಪೋಕರ್ ಇರಬಹುದು, ನಿಫ್ಟಿಯ ಎಕ್ಸ್‌ಪೈರಿ ಇರಬಹುದು. ಮಾತು ಮಾತ್ರ ಅದೇ.

ಈ ಮಾತು ಹೇಳುವವರು ಸುಳ್ಳು ಹೇಳುತ್ತಿಲ್ಲ. ಬಿಡಬೇಕೆಂಬ ಮನಸ್ಸು ಅವರಿಗೆ ನಿಜವಾಗಿಯೂ ಇರುತ್ತದೆ. ಆದರೂ ಏಕೆ ಬಿಡಲಾಗುವುದಿಲ್ಲ, ಅದರಲ್ಲೂ ಜೂಜನ್ನೇ ಕಸುಬು ಮಾಡಿಕೊಂಡವರಿಗೆ ಒಂದು ಸಣ್ಣ ವ್ಯಾಪಾರದಲ್ಲಿ ನೆಲೆ ನಿಲ್ಲುವುದು ಏಕೆ ಇಷ್ಟು ಕಷ್ಟವಾಗುತ್ತದೆ? ಮನೆಯವರು ಇದನ್ನು ಮೈಗಳ್ಳತನ ಎನ್ನುತ್ತಾರೆ. ಅದು ಮೈಗಳ್ಳತನವಲ್ಲ. ಹಣದ ತೂಕವನ್ನು ಅಳೆಯುವ ಮನಸ್ಸಿನ ತಕ್ಕಡಿಯೇ ಕೆಟ್ಟಿರುತ್ತದೆ. ಅದು ರಿಪೇರಿಯಾಗಲು ಕಾಲ ಬೇಕು, ಇನ್ನೊಬ್ಬರ ಕೈಯೂ ಬೇಕು.

ವಿಷಯ ತಿಳಿಯಾಗಲಿ ಎಂದು ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ವಿಜಯಪುರದ ಕಡೆಯವನು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸಂಜೆ ಮೊಬೈಲಿನಲ್ಲಿ ಪೋಕರ್ ಆಡತೊಡಗಿದ. ಕೈ ಹತ್ತಿತು. ಕೋವಿಡ್ ಕಾಲದಲ್ಲಿ ತಿಂಗಳ ಸಂಬಳಕ್ಕಿಂತ ಹೆಚ್ಚು ಗೆದ್ದ ತಿಂಗಳೂ ಇದ್ದವು. ಕೆಲಸ ಬಿಟ್ಟ, ತನ್ನನ್ನು 'ಪ್ರೊ' ಎಂದು ಕರೆದುಕೊಂಡ. ಈಗ ಹೆಂಡತಿಯ ಜೊತೆ ಚಿಂಚವಾಡದಲ್ಲಿ ಒಂದು ರೊಟ್ಟಿ ಖಾನಾವಳಿ ಹಾಕಿದ್ದಾನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟಕ್ಕೆ ನೂರಾ ಹತ್ತು ರೂಪಾಯಿ.

ರಾತ್ರಿ ಹತ್ತೂವರೆ. ಶಟರ್ ಅರ್ಧ ಇಳಿದಿದೆ. ಹೆಂಡತಿ ಗಲ್ಲಾ ತೆರೆದು ನೋಟು ಎಣಿಸುತ್ತಿದ್ದಾಳೆ. ಅರಿಶಿನ ಹತ್ತಿದ ಹತ್ತು-ಇಪ್ಪತ್ತರ ನೋಟು ಒಂದು ಕಡೆ, ನೂರರವು ಇನ್ನೊಂದು ಕಡೆ. ತೊಂಬತ್ತು ಊಟ ಹೋಗಿವೆ, ಒಂಬತ್ತು ಸಾವಿರದ ಒಂಬೈನೂರು ಬಂದಿದೆ. ಜೋಳ, ಎಣ್ಣೆ, ಗ್ಯಾಸು, ಮಾರ್ಕೆಟ್ ಯಾರ್ಡಿನಿಂದ ತಂದ ತರಕಾರಿ, ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳ ಕೂಲಿ, ಬಾಡಿಗೆಯ ದಿನದ ಪಾಲು, ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಸಾವಿರದ ನಾನೂರು. ಅವಳ ಮುಖದಲ್ಲಿ ಸಮಾಧಾನವಿದೆ. ಅವನಿಗೆ ಏನೂ ಅನ್ನಿಸುತ್ತಿಲ್ಲ. ಇದೇ ಹೊತ್ತಿಗೆ ಒಂದೇ ಬೈಠಕಿನಲ್ಲಿ ನಲವತ್ತು ಸಾವಿರ ಬಂದ ರಾತ್ರಿಗಳು ನೆನಪಾಗುತ್ತವೆ. ಅರವತ್ತು ಸಾವಿರ ಹೋದ ರಾತ್ರಿಗಳು ಅಷ್ಟು ಬೇಗ ನೆನಪಾಗುವುದಿಲ್ಲ.

ಈ 'ಏನೂ ಅನ್ನಿಸದಿರುವುದು' ಇಡೀ ಸಮಸ್ಯೆಯ ಬೇರು. ಸ್ವಲ್ಪ ನಿಧಾನವಾಗಿ ನೋಡೋಣ.

ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಅದನ್ನು ಸುಖದ ರಸ ಎಂದು ಬರೆಯುವುದು ರೂಢಿ, ಆದರೆ ಅದು ಪೂರ್ತಿ ಸರಿಯಲ್ಲ. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಈ ನರಕೋಶಗಳು ಚುರುಕಾಗಿ ಮಿಡಿಯುತ್ತವೆ. ದೀಪ ಹತ್ತಿದರೆ ರಸ ಬರುತ್ತದೆ ಎಂದು ಕೋತಿ ಕಲಿತುಕೊಂಡ ಮೇಲೆ, ರಸ ಬಂದರೂ ಅವು ಸುಮ್ಮನಿರುತ್ತವೆ. ಗೊತ್ತಿದ್ದದ್ದೇ ಬಂತಲ್ಲ, ಹೊಸದೇನು? ಬರಬೇಕಾದದ್ದು ಬಾರದಿದ್ದರೆ ಮಿಡಿತ ತಗ್ಗುತ್ತದೆ. 2003ರಲ್ಲಿ ಇದೇ ತಂಡ ಇನ್ನೊಂದು ಸಂಗತಿ ತೋರಿಸಿತು. ರಸ ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ, ಕಾಯುವ ಆ ಗಳಿಗೆಯಲ್ಲೇ ಕೆಲವು ಕೋಶಗಳು ಎಲ್ಲಕ್ಕಿಂತ ಹೆಚ್ಚಾಗಿ ಮಿಡಿಯುತ್ತಿದ್ದವು. ಬಂದೀತು, ಬರಲಿಕ್ಕಿಲ್ಲ ಎಂಬ ತೂಗುಯ್ಯಾಲೆಯೇ ಮಿದುಳಿಗೆ ಹಬ್ಬ.

ಈಗ ಖಾನಾವಳಿಗೆ ವಾಪಸ್ ಬನ್ನಿ. ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ "ನೂರಾ ಹತ್ತು ರೂಪಾಯಿ ಬಂದಿದೆ" ಎಂದು ದಿನಕ್ಕೆ ಎಷ್ಟೋ ಸಲ ಕೂಗುತ್ತದೆ. ಪ್ರತಿ ಸಲವೂ ಬರಬೇಕಾದದ್ದೇ ಬಂದಿರುತ್ತದೆ. ಗಿರಾಕಿ ಉಂಡ, ಕೊಟ್ಟ, ಹೋದ. ನಮ್ಮ ನಿಮ್ಮಂಥವರಿಗೆ ಇದು ನೆಮ್ಮದಿ. ಐದು ವರ್ಷ ತೂಗುಯ್ಯಾಲೆಯಲ್ಲಿ ಕೂತ ಮಿದುಳಿಗೆ ಇದು ಉಪ್ಪಿಲ್ಲದ ಊಟ. ಎದುರಿಗೆ ನಿಜವಾದ ಲಾಭ ಕಾಣುತ್ತಿದ್ದರೂ ಅವನಿಗೆ ಅದು ಲಾಭ ಎನ್ನಿಸುವುದಿಲ್ಲ. ಮಾನಸಿಕ ಚಿಕಿತ್ಸಕರು ಜೂಜಿನ ಗೀಳನ್ನು ಕುಡಿತದ ಸಾಲಿಗೆ ಸೇರಿಸಿರುವುದು ಇಂಥ ಕಾರಣಗಳಿಗಾಗಿಯೇ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರ ಆವೃತ್ತಿಯಲ್ಲಿ ಅದನ್ನು ವ್ಯಸನಗಳ ಅಧ್ಯಾಯಕ್ಕೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಅದಕ್ಕೆ ಜಾಗವಿದೆ.

ತಕ್ಕಡಿ ಕೆಟ್ಟಿರುವುದಕ್ಕೆ ಇನ್ನೊಂದು ಗುರುತೂ ಇದೆ. ಇಪ್ಪತ್ತೈದು ಸಾವಿರದ ಗ್ರೈಂಡರ್ ಕೊಳ್ಳಬೇಕು ಎಂದಾಗ ಅವನಿಗೆ ಅದು ಒಂದು ಟೇಬಲ್ಲಿಗೆ ಕೂರುವ ಮೊತ್ತವಾಗಿ ಕಾಣುತ್ತದೆ. ಹದಿನೈದು ರೂಪಾಯಿಗೆ ಕೊತ್ತಂಬರಿಯವನ ಹತ್ತಿರ ಚೌಕಾಸಿ ಮಾಡುವ ಹೆಂಡತಿಯನ್ನು ಕಂಡರೆ ಅವನಿಗೆ ಸಿಟ್ಟು ಬರುತ್ತದೆ. ವ್ಯಾಪಾರ ನಿಂತಿರುವುದು ಮಾತ್ರ ಆ ಹದಿನೈದು ರೂಪಾಯಿಯ ಮೇಲೆ.

"ಆದರೆ ನಾನು ಸೋಲುವವನಲ್ಲ, ಗೆಲ್ಲುವವನು, ನಾನೇಕೆ ಬಿಡಲಿ?" ಎಂದು ಅವನು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಸೋತು ಸುಣ್ಣವಾದವನಿಗೆ ಬಿಡಲು ಕಾರಣವಾದರೂ ಇರುತ್ತದೆ. ಆಗಾಗ ಗೆಲ್ಲುವವನಿಗೆ ಪ್ರತಿ ಗೆಲುವೂ ಮುಂದುವರಿಯಲು ಪರವಾನಗಿ. ಅದಕ್ಕೇ ಕಸುಬಿನ ಜೂಜುಗಾರನನ್ನು ಬಿಡಿಸುವುದು ಹೆಚ್ಚು ಕಷ್ಟ.

ಕಿರ್ದಿ ತೆಗೆದು ಲೆಕ್ಕ ನೋಡೋಣ. ನೂರರಲ್ಲಿ ಐವತ್ತೈದು ಸಲ ಗೆಲ್ಲುವಷ್ಟು ಕೌಶಲ ಅವನಿಗಿದೆ ಎಂದೇ ಒಪ್ಪಿಕೊಳ್ಳೋಣ. ಅದು ದೊಡ್ಡ ಕೌಶಲ. ಅಂಥವನಿಗೂ ಒಂದರ ಹಿಂದೆ ಒಂದು ಐದು ಸಲ ಸೋಲುವ ಸಾಧ್ಯತೆ ಸುಮಾರು ಐವತ್ನಾಲ್ಕರಲ್ಲಿ ಒಂದು. ದಿನಕ್ಕೆ ಮೂವತ್ತು ಕೈ ಆಡುವವನಿಗೆ ಇಂಥ ಸರಣಿ ವಾರದಲ್ಲಿ ಒಂದೆರಡು ಸಲವಾದರೂ ಎದುರಾಗುತ್ತದೆ. ಅದನ್ನು ತಡೆದುಕೊಳ್ಳಲು ಬಂಡವಾಳ ಬೇಕು, ಅದಕ್ಕಿಂತ ಮುಖ್ಯವಾಗಿ ಕಲ್ಲಿನಂಥ ಮನಸ್ಸು ಬೇಕು. ಐದನೇ ಸೋಲಿನ ನಂತರ ಆರನೇ ಕೈಗೆ ಇಮ್ಮಡಿ ಹಾಕದವರು ಕಡಿಮೆ. ಹೋದದ್ದನ್ನು ಬೆನ್ನಟ್ಟುವ ಈ ಚಪಲದಲ್ಲಿ ಕೌಶಲವೆಲ್ಲ ಕೊಚ್ಚಿಹೋಗುತ್ತದೆ.

ಮೇಲಿಂದ ತೆರಿಗೆ. ಗೆದ್ದ ಹಣದ ಮೇಲೆ ನೇರವಾಗಿ ಶೇ 30, ಅದರ ಮೇಲೆ ಸೆಸ್. ಖರ್ಚು ಕಳೆಯುವಂತಿಲ್ಲ, ಈ ವರ್ಷದ ಜೂಜಿನ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಖಾನಾವಳಿಯವನಿಗೆ ಹಾಗಲ್ಲ. ಜೋಳಕ್ಕೆ, ಬಾಡಿಗೆಗೆ, ಕೂಲಿಗೆ ಕೊಟ್ಟದ್ದೆಲ್ಲ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ, ಮತ್ತು ವ್ಯಾಪಾರದಲ್ಲಿ ನಷ್ಟವಾದರೆ ಸಕಾಲಕ್ಕೆ ರಿಟರ್ನ್ ಸಲ್ಲಿಸಿ ಅದನ್ನು ಎಂಟು ವರ್ಷದವರೆಗೆ ಮುಂದಕ್ಕೆ ಎಳೆಯಬಹುದು. ಇನ್ನೊಂದು ವ್ಯತ್ಯಾಸವನ್ನು ಜನ ಗಮನಿಸುವುದೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮು ಪಂದ್ಯದ ಕರಾರನ್ನು ಅನೂರ್ಜಿತ ಎನ್ನುತ್ತದೆ. ಗೆದ್ದ ಪಂದ್ಯದ ಹಣ ಎದುರಾಳಿ ಕೊಡದಿದ್ದರೆ ಕೋರ್ಟಿಗೆ ಹೋಗಿ ಕೇಳಲಾಗದು. ಉದ್ರಿ ಊಟದ ಬಾಕಿಯನ್ನಾದರೆ ಕೇಳಬಹುದು.

ಇಷ್ಟರ ಮೇಲೆ 2025ರ ಆಗಸ್ಟ್ ಬಂತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನು ಅದು ಬದಿಗಿಟ್ಟಿತು. ರಮ್ಮಿ ಬಹುಪಾಲು ಕೌಶಲದ ಆಟ ಎಂದು 1968ರಲ್ಲೂ, ಕುದುರೆ ರೇಸೂ ಕೌಶಲದ್ದೇ ಎಂದು 1996ರಲ್ಲೂ ಸುಪ್ರೀಂ ಕೋರ್ಟ್ ಹೇಳಿತ್ತು. ಆನ್‌ಲೈನ್ ಜೂಜು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. ಹೊಸ ಕೇಂದ್ರ ಕಾಯ್ದೆಗೆ ಈ ಭೇದವೇ ಇಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಯಾವುದೇ ಇರಲಿ, ಅದನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದವು. ಆದರೆ ದೊಡ್ಡ ಆ್ಯಪ್‌ಗಳು ಹಣದ ಆಟಗಳನ್ನು ಆ ವಾರವೇ ನಿಲ್ಲಿಸಿದವು, ಮತ್ತು ಅವನ್ನೇ ಕಸುಬು ಮಾಡಿಕೊಂಡಿದ್ದವರ ಬಾಗಿಲು ಅಲ್ಲಿಗೆ ಮುಚ್ಚಿತು.

ಬಾಗಿಲು ಮುಚ್ಚಿತೆಂದು ಚಟ ಹೋಗುವುದಿಲ್ಲ, ಅದು ಬೇರೆ ಬಾಗಿಲು ಹುಡುಕುತ್ತದೆ. ಮಹಾರಾಷ್ಟ್ರದಲ್ಲಿ ಕ್ಯಾಸಿನೊ ಇಲ್ಲ. 1976ರಲ್ಲಿ ಅದಕ್ಕೊಂದು ಕಾಯ್ದೆ ಆಗಿದ್ದರೂ ಅದು ಎಂದೂ ಜಾರಿಗೆ ಬರಲಿಲ್ಲ, 2023ರಲ್ಲಿ ಸರ್ಕಾರವೇ ಅದನ್ನು ರದ್ದುಪಡಿಸಿತು. ಹೀಗಾಗಿ ಕೆಲವರು ರಾತ್ರಿ ಬಸ್ಸು ಹತ್ತಿ ಪಣಜಿಯ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳಿಗೆ ಹೋಗುತ್ತಾರೆ. ಕೆಲವರು ವಿದೇಶಿ ಸೈಟುಗಳಿಗೆ ಇಳಿಯುತ್ತಾರೆ. ಅಲ್ಲಿ ಗೆದ್ದ ಹಣ ಕೈಗೆ ಬರುತ್ತದೆಂಬ ಖಾತರಿಯೇ ಇಲ್ಲ. ಮಟ್ಕಾ ಇದ್ದೇ ಇದೆ. 1960ರ ದಶಕದಲ್ಲಿ ಮುಂಬಯಿಯಲ್ಲಿ, ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿ ದರದ ಓಪನಿಂಗು-ಕ್ಲೋಸಿಂಗಿನ ಮೇಲೆ ಕಟ್ಟುವ ಪಂದ್ಯದಿಂದ ಬೆಳೆದದ್ದು ಅದು. ಆ ಓಪನ್-ಕ್ಲೋಸೇ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ 'ಓಸಿ' ಆಗಿ ಕೂತಿದೆ.

ಆದರೆ ಪುಣೆಯ ಓದಿದ ಹುಡುಗರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವ ಬಾಗಿಲು ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ಏಕೆಂದರೆ ಅದು ಕಾನೂನುಬದ್ಧ. ತೆರಿಗೆ ಇಲಾಖೆಯೇ ಅದರ ಗಳಿಕೆಯನ್ನು ವ್ಯಾಪಾರದ ಆದಾಯ ಎಂದು ನೋಡುತ್ತದೆ. "ನಾ ಜೂಜು ಬಿಟ್ಟೀನಿ, ಈಗ ಟ್ರೇಡಿಂಗ್ ಬಿಸಿನೆಸ್" ಎಂದರೆ ಮನೆಯವರು ಏನೆಂದು ಎದುರಾಡಬೇಕು? ಷೇರುಪೇಟೆಯ ನಿಯಂತ್ರಕ ಸೆಬಿ ತಾನೇ ಲೆಕ್ಕ ಹಾಕಿ ಹೇಳಿರುವ ಅಂಕಿಗಳಿವೆ, ಅವನ್ನು ಮುಂದಿಡಬಹುದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿಗೆ ಇಳಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ಸೋತರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಇದನ್ನು ಕಂಡೇ ಸೆಬಿ 2024ರ ನವೆಂಬರಿನಿಂದ ವಾರದ ಎಕ್ಸ್‌ಪೈರಿಯನ್ನು ಒಂದು ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕಕ್ಕೆ ಇಳಿಸಿತು, ಕರಾರಿನ ಗಾತ್ರವನ್ನು ಹದಿನೈದು ಲಕ್ಷಕ್ಕೆ ಏರಿಸಿತು. ಆದರೂ 2024-25ರಲ್ಲಿ ಶೇ 91ರಷ್ಟು ಜನ ಸೋತರು. ಪೋಕರ್ ಬಿಟ್ಟು ಇಲ್ಲಿಗೆ ಬಂದವನು ಬಿಟ್ಟದ್ದು ಆಟದ ಹೆಸರನ್ನು ಮಾತ್ರ.

ಜೂಜಿನಿಂದ ಕಲಿತದ್ದು ವ್ಯಾಪಾರಕ್ಕೆ ಏನೂ ಬಾರದೆ? ಬರುತ್ತದೆ. ಸಾಧ್ಯತೆಯ ಲೆಕ್ಕ, ಎದುರಿನವರ ಮುಖ ಓದುವುದು, ಒಂದು ನಷ್ಟಕ್ಕೆ ಎದೆಗುಂದದಿರುವುದು, ಇವು ಒಳ್ಳೆಯ ಗುಣಗಳೇ. ಎಡ್ವರ್ಡ್ ಥಾರ್ಪ್ ಎಂಬ ಅಮೆರಿಕದ ಗಣಿತದ ಪ್ರಾಧ್ಯಾಪಕರು ಬ್ಲ್ಯಾಕ್‌ಜಾಕ್ ಗೆಲ್ಲುವ ಲೆಕ್ಕವನ್ನು 1962ರಲ್ಲಿ ಪುಸ್ತಕವಾಗಿಸಿ, 1969ರಲ್ಲಿ ಹೂಡಿಕೆಯ ಉದ್ಯಮ ಕಟ್ಟಿ ಯಶಸ್ವಿಯಾದರು. ಆದರೆ ಅವರಿಗೆ ಜೂಜು ಒಂದು ಗಣಿತದ ಪ್ರಯೋಗವಾಗಿತ್ತು, ಹೊಟ್ಟೆಪಾಡಾಗಿರಲಿಲ್ಲ. ಅವರ ಉದಾಹರಣೆ ಕೊಟ್ಟು ಸಾಲ ಕೇಳುವವರಿಗೆ ಈ ವ್ಯತ್ಯಾಸವನ್ನು ನೆನಪಿಸಬೇಕು.

ವ್ಯಾಪಾರ ಕೇಳುವ ಒಂದು ಗುಣವನ್ನು ಮಾತ್ರ ಜೂಜು ಕಲಿಸುವುದಿಲ್ಲ, ಇದ್ದದ್ದನ್ನೂ ಕಸಿಯುತ್ತದೆ. ಅದು ಕಾಯುವುದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಆ ಉದ್ಯಮದ ಕಥೆಯಲ್ಲಿ ಹೇಳುತ್ತಾರೆ. ಕಿರ್ಲೋಸ್ಕರವಾಡಿ ನಿಂತದ್ದು 1910ರಲ್ಲಿ. ಪುಣೆಯ ಖಡಕಿಯ ಎಂಜಿನ್ ಕಾರ್ಖಾನೆ ಇನ್ನೂ ಮೂರೂವರೆ ದಶಕದ ಆಚೆಯ ಮಾತು. ಎರಡು ವರ್ಷ ಬೋಣಿ ಆಗದಿದ್ದರೂ ಕುಲುಮೆ ಆರಿಸದ ಆ ಮನಸ್ಸನ್ನು, ಎರಡು ನಿಮಿಷಕ್ಕೊಂದು ಫಲಿತಾಂಶ ನೋಡಿ ಪಳಗಿದ ಮನಸ್ಸಿನ ಪಕ್ಕದಲ್ಲಿಟ್ಟು ನೋಡಿ. ನೇಗಿಲಿನದೇ ಒಂದು ಕಾಕತಾಳೀಯ: ಋಗ್ವೇದದ ಹತ್ತನೇ ಮಂಡಲದ ಮೂವತ್ನಾಲ್ಕನೇ ಸೂಕ್ತದಲ್ಲಿ ಜೂಜುಗಾರನೇ ತನ್ನ ಪಾಡು ಹೇಳಿಕೊಳ್ಳುತ್ತಾನೆ. ಅವನಿಗೆ ಅಲ್ಲಿ ಸಿಗುವ ಬುದ್ಧಿಮಾತೂ ದಾಳ ಬಿಟ್ಟು ನೇಗಿಲು ಹಿಡಿ ಎಂಬುದೇ. ಜೂಜು ಬಿಟ್ಟು ದುಡಿಮೆಗೆ ಬರುವವನ ಒದ್ದಾಟ ಅಷ್ಟು ಹಳೆಯದು.

ಹಾಗಾದರೆ ಚಿಂಚವಾಡದ ಆ ಖಾನಾವಳಿ ಉಳಿಯಬೇಕಾದರೆ ಏನು ಮಾಡಬೇಕು? ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ. ಗಲ್ಲಾದ ಬೀಗದಕೈ ಅವನ ಹತ್ತಿರ ಇರಬಾರದು. ವ್ಯಾಪಾರದ ಬ್ಯಾಂಕ್ ಖಾತೆ, ಯುಪಿಐ ಸಿಮ್, ಸೌಂಡ್‌ಬಾಕ್ಸಿನ ಹಣ ಹೋಗಿ ಬೀಳುವ ಜಾಗ ಎಲ್ಲವೂ ಹೆಂಡತಿಯ ಅಥವಾ ನಂಬಿಕಸ್ಥ ಅಣ್ಣನ ಕೈಯಲ್ಲಿರಬೇಕು. ಅವನು ತನ್ನದೇ ಖಾನಾವಳಿಯಲ್ಲಿ ಗೊತ್ತುಮಾಡಿದ ಸಂಬಳ ಪಡೆಯಲಿ. ಇದು ಅವಮಾನವಲ್ಲ. ಕಾಲು ಮುರಿದವನು ಊರುಗೋಲು ಹಿಡಿದರೆ ಯಾರಾದರೂ ನಗುತ್ತಾರೆಯೆ? ರಷ್ಯದ ದಸ್ತಯೆವ್‌ಸ್ಕಿಯ ಬದುಕು ಇದಕ್ಕೆ ಸಾಕ್ಷಿ. 1866ರಲ್ಲಿ ಜೂಜುಗಾರನ ಬಗ್ಗೆಯೇ ಕಾದಂಬರಿಯನ್ನು ಒಂದು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಹೇಳಿ ಬರೆಸಿದ ಆತ, ಅದಾದ ಮೇಲೂ ಐದು ವರ್ಷ ರೂಲೆಟ್ ಆಡಿದ. 1871ರಲ್ಲಿ ವೀಸ್‌ಬಾಡೆನ್ನಿನಲ್ಲಿ ಕೊನೆಯ ಸಲ ಸೋತು ಬಿಟ್ಟ. ಎರಡು ವರ್ಷದಲ್ಲಿ ಹೆಂಡತಿ ಅನ್ನಾ ಅವನ ಇನ್ನೊಂದು ಕಾದಂಬರಿಯನ್ನು ಮನೆಯಿಂದಲೇ ಪ್ರಕಟಿಸಿ ಮಾರುವ ವ್ಯಾಪಾರ ಶುರು ಮಾಡಿದಳು. ಆ ಲೆಕ್ಕವೆಲ್ಲ ಅವಳ ಕೈಯಲ್ಲಿತ್ತು. ಅವರ ಸಾಲ ತೀರಿದ್ದು ಹಾಗೆ.

ಸಾಲದ ವಿಷಯ ಹೇಳಲೇಬೇಕು. ಬಿಟ್ಟವನನ್ನು ಮತ್ತೆ ಆಟಕ್ಕೆ ಎಳೆಯುವ ದೊಡ್ಡ ಶಕ್ತಿ ಹಳೆಯ ಸಾಲ. "ಒಂದು ದೊಡ್ಡ ಕೈ ಬಿದ್ದರೆ ಎಲ್ಲಾ ತೀರಿಸಿಬಿಡ್ತೀನಿ" ಎಂಬ ಆಸೆ ಹುಟ್ಟುವುದು ಮುಚ್ಚಿಟ್ಟ ಸಾಲದಿಂದ. ಮೊಬೈಲ್ ಆ್ಯಪಿನ ಸಾಲ, ಕ್ರೆಡಿಟ್ ಕಾರ್ಡು, ಭಿಸಿ ಚೀಟಿಯಿಂದ ಎತ್ತಿದ್ದು, ಗೆಳೆಯರ ಕೈಗಡ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಮುಂದಿಡಬೇಕು. ಆ ದಿನ ಮನೆಯಲ್ಲಿ ರಾದ್ಧಾಂತ ಆಗಬಹುದು, ಆಗಲಿ. ಹಾಗೆಯೇ ಹೊಸ ವ್ಯಾಪಾರಕ್ಕೆಂದು ಒಟ್ಟಿಗೆ ದೊಡ್ಡ ಮೊತ್ತದ ಸಾಲವನ್ನು ಅವನ ಹೆಸರಿಗೆ ಎತ್ತುವುದು ಮೊದಲ ವರ್ಷ ಬೇಡ. ಐದು ಲಕ್ಷ ರೂಪಾಯಿ ಖಾತೆಗೆ ಬಿದ್ದ ರಾತ್ರಿ ಅವನ ಪಾಲಿಗೆ ಅತ್ಯಂತ ಅಪಾಯದ ರಾತ್ರಿ.

ಅಪಾಯದ ಹೊತ್ತು ಇನ್ನೊಂದಿದೆ, ಶಟರ್ ಇಳಿಸಿದ ಮೇಲಿನ ಎರಡು ತಾಸು. ಆಡುತ್ತಿದ್ದುದು ಅದೇ ಹೊತ್ತಿನಲ್ಲಿ. ಬೇಡ ಎಂದು ಹಲ್ಲುಕಚ್ಚಿ ಕೂರುವುದಕ್ಕಿಂತ ಆ ಹೊತ್ತನ್ನು ತುಂಬಿಸಿಬಿಡುವುದು ಮೇಲು. ನಾಳೆಯ ಕಾಳು ನೆನೆಹಾಕುವುದು, ಕಿರ್ದಿ ಬರೆಯುವುದು, ಅವ್ವನಿಗೆ ಫೋನು. ಭಾನುವಾರಕ್ಕೊಂದು ಸಲ ಆಡುತ್ತೇನೆ ಎಂಬ ರಾಜಿಯನ್ನು ನಾನು ಒಪ್ಪುವುದಿಲ್ಲ. ಕಸುಬಾಗಿ ಆಡಿದವನಿಗೆ ಮಿತಿಯ ಆಟ ಎಂಬುದು ಉಳಿದಿರುವುದಿಲ್ಲ. ನಡುವೆ ಒಮ್ಮೆ ಜಾರಿದರೆ ಅದೇ ರಾತ್ರಿ ಮನೆಯಲ್ಲಿ ಹೇಳಬೇಕು. ಹೇಳಿದವನ ಮೇಲೆ ಮನೆಯವರು ಕೂಗಾಡಬಾರದು. ಕೂಗಾಡಿದರೆ ಮುಂದಿನ ಸಲ ಅವನು ಮುಚ್ಚಿಡುತ್ತಾನೆ.

ವ್ಯಾಪಾರವೇ ಚಿಕಿತ್ಸೆ ಎಂದೂ ತಿಳಿಯಬೇಡಿ. ಕೆಲಸಕ್ಕೆ ಹಚ್ಚಿದರೆ ಸರಿಹೋಗುತ್ತಾನೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಸರಿಹೋಗದ ಮನಸ್ಸಿನೊಡನೆ ಹಾಕಿದ ಅಂಗಡಿ ಆಟಕ್ಕೆ ಹಣ ಒದಗಿಸುವ ಇನ್ನೊಂದು ಜೇಬಾಗುತ್ತದೆ, ಅಷ್ಟೆ. ವೈದ್ಯರ ಬಳಿ ಹೋಗಬೇಕು. ಆಲೋಚನೆಯ ಜಾಡು ತಿದ್ದುವ ಮಾತಿನ ಚಿಕಿತ್ಸೆ ಇದೆ, ಬೇಕಾದವರಿಗೆ ಔಷಧಿಯೂ ಇದೆ. ಪುಣೆಯಲ್ಲಿ ಅನಿಲ ಅವಚಟ ಮತ್ತು ಸುನಂದಾ ಅವಚಟ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ, ವ್ಯಸನಿಯನ್ನು ಅಪರಾಧಿಯಂತೆ ಕಾಣಬಾರದೆಂದು ಈ ಊರಿಗೆ ಕಲಿಸಿಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಆಟದ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆಯುತ್ತಿದೆ.

ಪುಣೆಯಲ್ಲಿರುವ ಕನ್ನಡದ ಅಕ್ಕತಂಗಿಯರಿಗೆ, ತಾಯಂದಿರಿಗೆ ಒಂದು ವಿನಂತಿ. "ಇದೊಂದು ಸೀಸನ್ ಮುಗೀಲಿ" ಎಂಬ ಮಾತು ಮನೆಯಲ್ಲಿ ಎರಡನೇ ಸಲ ಕೇಳಿಬಂದರೆ, ಸೀಸನ್ ಮುಗಿಯುವವರೆಗೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕರೆಗೆ ದುಡ್ಡಿಲ್ಲ. ಮರಾಠಿಯಲ್ಲೂ ಮಾತನಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.